ಸ್ತಂಭ ಎಳೆಯೋದು ಸುಲಭ, ಪ್ರಶ್ನೆ ಮಾಡೋದೇ ಕಷ್ಟ: ನಾಲ್ಕು-ಐದನೇ ತರಗತಿಗೆ ಸಮೀಕ್ಷೆ ಕಲಿಸುವ ಬಗೆ

ಗಣಿತದಲ್ಲಿ ದತ್ತಾಂಶದ ಪಾಠ ಬಂದಾಗ ನಾವು ಸಾಮಾನ್ಯವಾಗಿ ಮಾಡುವುದು ಇಷ್ಟೇ. ಪುಸ್ತಕದ ಕೋಷ್ಟಕ ತೋರಿಸುತ್ತೇವೆ. ಚೌಕಳಿ ಹಾಳೆಯಲ್ಲಿ ಸ್ತಂಭ ಎಳೆಸುತ್ತೇವೆ. ಬಣ್ಣ ಹಚ್ಚಿಸಿ ಗೋಡೆಗೆ ಅಂಟಿಸುತ್ತೇವೆ. ಮಕ್ಕಳಿಗೂ ಖುಷಿ, ನಮಗೂ ಪಾಠ ಮುಗಿದ ಸಮಾಧಾನ. ಆದರೆ ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿ ನೋಡಿ. "ಪುಸ್ತಕದಾಗ ಇತ್ರಿ ಟೀಚರ್" ಅಂತಾರೆ.

ನಾನು ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕು-ಐದನೇ ತರಗತಿಗೆ ಕಲಿಸುತ್ತೇನೆ. ಎರಡೂ ತರಗತಿ ಒಂದೇ ಕೋಣೆಯಲ್ಲಿ. ಈ ಪಾಠಕ್ಕೆ ಎಷ್ಟು ಪಿರಿಯಡ್ ಸಿಕ್ಕರೂ ಅದರಲ್ಲಿ ಅರ್ಧದಷ್ಟನ್ನು ಪ್ರಶ್ನೆ ಕಟ್ಟುವುದಕ್ಕೇ ಇಡಬೇಕು ಅನ್ನುವುದು ನನ್ನ ಹಟ. ಪ್ರಶ್ನೆ ಪೊಳ್ಳಾದರೆ ಮುಂದಿನದೆಲ್ಲ ಬರೀ ಚಿತ್ರಕಲೆ.

ಯಾವ ಪ್ರಶ್ನೆ?

ಪ್ರಶ್ನೆಗಳು ಮಕ್ಕಳಿಂದಲೇ ಬರಲಿ. ಬಂದದ್ದೆಲ್ಲ ಬೋರ್ಡಿನ ಮೇಲೆ ಬರೆಯಿರಿ, ಯಾವುದನ್ನೂ ಬಿಡಬೇಡಿ. ಆಮೇಲೆ ಒಂದೊಂದನ್ನೇ ಜರಡಿ ಹಿಡಿಯಿರಿ.

"ನಿನಗೆ ಯಾವ ಬಣ್ಣ ಇಷ್ಟ?" ಖಂಡಿತ ಬರುತ್ತದೆ. ಉತ್ತರ ಸಿಕ್ಕ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡ್ತೀರಿ ಅಂತ ಕೇಳಿ. ಸುಮ್ಮನಾಗ್ತಾರೆ. ಶಾಲೆಗೆ ಸುಣ್ಣ-ಬಣ್ಣ ಮಾಡಿಸುವ ವರ್ಷವಾದರೆ ಮಾತು ಬೇರೆ. "ಶಾಲೆಗೆ ಹೇಗೆ ಬರ್ತೀಯಾ?" ಇದೂ ಬರುತ್ತದೆ. ಕಲಬುರಗಿ ನಗರದ ಶಾಲೆಯಲ್ಲಿ ಇದು ಚೆನ್ನಾಗಿ ನಡೆಯುವ ಪ್ರಶ್ನೆ. ಆಟೊ, ಸಿಟಿ ಬಸ್, ಅಪ್ಪನ ಬೈಕ್, ಸೈಕಲ್ ಎಲ್ಲ ಸಿಗುತ್ತವೆ. ನಮ್ಮೂರಲ್ಲಿ ಎಲ್ಲರೂ ನಡೆದೇ ಬರುತ್ತಾರೆ. ಒಂದೇ ಉದ್ದ ಸ್ತಂಭ, ಪಕ್ಕದಲ್ಲಿ ಬಯಲು. ಹಾಗಾಗಿ ಮಕ್ಕಳ ಕೈಯಲ್ಲೇ ಎರಡು ಪರೀಕ್ಷೆ ಮಾಡಿಸಿ. ಉತ್ತರ ಬೇರೆ ಬೇರೆ ಬರುತ್ತದೆಯಾ? ಉತ್ತರ ಯಾರಿಗಾದರೂ ಬೇಕಾಗಿದೆಯಾ?

ಮೂರನೇ ಪರೀಕ್ಷೆ ನಿಮ್ಮದು. ಈ ಪ್ರಶ್ನೆಯಿಂದ ಯಾವ ಮಗುವಿಗಾದರೂ ನಾಚಿಕೆ ಆಗುತ್ತದೆಯಾ? "ಮುಂಜಾನೆ ಏನು ತಿಂದು ಬಂದಿ?" ಅನ್ನುವುದು ಕೇಳಲು ಮುಗ್ಧವಾದ ಪ್ರಶ್ನೆ. ಆದರೆ ತೊಗರಿ ರಾಶಿ ಸಮಯದಲ್ಲಿ ತಾಯಿ ನಸುಕಿನಲ್ಲೇ ಹೊಲಕ್ಕೆ ಹೋಗಿರುತ್ತಾಳೆ. ಮಗು ಬರೀ ಚಹಾ ಕುಡಿದು ಬಂದಿರುತ್ತದೆ. ಎಲ್ಲರ ಎದುರು ಕೇಳಿದರೆ "ರೊಟ್ಟಿ ತಿಂದೀನ್ರಿ" ಅನ್ನುತ್ತದೆ. ಮಗುವಿಗೆ ನೋವು, ಅಂಕಿಯೂ ಸುಳ್ಳು. ಮೊಟ್ಟೆಯ ವಿಷಯವೂ ಹಾಗೇ. ಶಾಲೆಯಲ್ಲಿ ಮೊಟ್ಟೆ ಕೊಡುವ ಯೋಜನೆ 2021ರ ಡಿಸೆಂಬರ್‌ನಲ್ಲಿ ಮೊದಲು ಬಂದದ್ದೇ ಕಲಬುರಗಿ, ಬೀದರ್, ಯಾದಗಿರಿ ಸೇರಿ ಈ ಕಡೆಯ ಜಿಲ್ಲೆಗಳಿಗೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾವುದು ಎಷ್ಟು ತರಿಸಬೇಕು ಅನ್ನುವುದು ಅಡುಗೆಯವರಿಗೆ ನಿಜಕ್ಕೂ ಬೇಕಾದ ಲೆಕ್ಕ. ಆದರೆ ಕೈ ಎತ್ತಿಸಿ ಕೇಳಿದರೆ ಪ್ರಶ್ನೆ ಮನೆಗೆ, ಜಾತಿಗೆ ಹೋಗಿ ನಿಲ್ಲುತ್ತದೆ. ಕೇಳಲೇಬೇಕು ಅಂದರೆ ಹೆಸರಿಲ್ಲದ ಚೀಟಿ, ಒಂದು ಡಬ್ಬಿ.

ಎಲ್ಲ ಜರಡಿ ಹಿಡಿದ ಮೇಲೆ ನಮ್ಮಲ್ಲಿ ಉಳಿಯುವ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆಟದ ಸಾಮಾನಿನದು. ಶಾಲೆಗೆ ಏನಾದರೂ ಒಂದು ತರುವುದಿದೆ. ಯಾವುದು ತರಬೇಕು? ಉತ್ತರಕ್ಕೆ ತಕ್ಕ ಹಾಗೆ ದುಡ್ಡು ಖರ್ಚಾಗುತ್ತದೆ ಅಂತ ಗೊತ್ತಾದರೆ ಮಕ್ಕಳು ಲೆಕ್ಕದಲ್ಲಿ ಮೋಸ ಹಿಡಿಯುವುದನ್ನು ತಾವೇ ಕಲಿಯುತ್ತಾರೆ.

ಪ್ರಶ್ನೆಯ ಮಾತು ತಿದ್ದುವುದು

ಮೊದಲು ಮಕ್ಕಳು ಬರೆಯುವುದು "ನಿನಗೆ ಕ್ರಿಕೆಟ್ ಇಷ್ಟ ಅಲ್ವಾ?" ಅಂತ. ಉತ್ತರ ಪ್ರಶ್ನೆಯೊಳಗೇ ಕೂತಿದೆ. ತಿದ್ದಿಸಿದರೆ "ಯಾವ ಆಟ ಇಷ್ಟ?" ಆಗುತ್ತದೆ. ಇದರಲ್ಲೂ ತೊಡಕಿದೆ. ಕಬಡ್ಡಿ, ಖೋ ಖೋ ಅಂತ ಉತ್ತರ ಬರುತ್ತದೆ. ಅದಕ್ಕೆ ಅಂಗಡಿಯಿಂದ ತರುವುದು ಏನಿದೆ? ನಮ್ಮದು ತರುವ ಪ್ರಶ್ನೆ. ಹಾಗೆ ತಿದ್ದುತ್ತಾ ತಿದ್ದುತ್ತಾ ಕೊನೆಗೆ ನಿಲ್ಲುವುದು ಹೀಗೆ: "ಇವುಗಳಲ್ಲಿ ಒಂದನ್ನೇ ತಂದರೆ, ದಿನಾ ಆಡಲು ನೀನು ಯಾವುದನ್ನು ಆರಿಸುತ್ತೀ?" ಕೆಳಗೆ ಕ್ರಿಕೆಟ್ ಸೆಟ್, ಸ್ಕಿಪ್ಪಿಂಗ್ ಹಗ್ಗ, ಕೇರಂ, ಶಟಲ್, ಇತರೆ.

"ಇತರೆ" ಇರಲೇಬೇಕು. ಇಲ್ಲದಿದ್ದರೆ ಚೆಸ್ ಬೇಕು ಅನ್ನುವ ಮಗುವನ್ನು ಯಾವುದೋ ಒಂದು ಸಾಲಿಗೆ ತಳ್ಳುತ್ತಾರೆ. ಆದರೆ "ಇತರೆ"ಯಲ್ಲೇ ಜನ ತುಂಬಿದರೆ ಆಯ್ಕೆಗಳು ಸರಿ ಇಲ್ಲ ಅಂತ ಅರ್ಥ. ಅದಕ್ಕೇ ಮೂರನೇ ತರಗತಿಯ ನಾಲ್ಕೈದು ಮಕ್ಕಳ ಮೇಲೆ ಪ್ರಶ್ನೆಯನ್ನು ಮೊದಲು ಕೇಳಿ ನೋಡಲಿ. ಅವರು "ಅಂದ್ರ?" ಅಂತ ಮುಖ ನೋಡಿದರೆ ಮತ್ತೆ ತಿದ್ದಬೇಕು. ಆ ನಾಲ್ಕೈದು ಉತ್ತರ ಲೆಕ್ಕಕ್ಕೆ ಹಿಡಿಯಬೇಡಿ.

ಒಬ್ಬರಿಗೆ ಒಂದೇ ಉತ್ತರವಾ, ಜಾಸ್ತಿಯೂ ನಡೆಯುತ್ತಾ? ಇದನ್ನು ಕೇಳಲು ಹೊರಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಆಟದ ಸಾಮಾನಿಗೆ ಒಂದೇ ಉತ್ತರ. ಆದರೆ "ಮನೆಯಲ್ಲಿ ಯಾವ ಮಾತು ಆಡ್ತೀರಿ?" ಅಂತ ಕೇಳಿ ನೋಡಿ. ನಮ್ಮ ಕಡೆ ತಾಂಡಾದ ಮಗು ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ಕನ್ನಡ. ಗಡಿ ಹತ್ತಿರ ಇರುವುದರಿಂದ ಅಜ್ಜಿಯ ಜೊತೆ ತೆಲುಗು ಆಡುವವರೂ ಇದ್ದಾರೆ. ದಖನಿ ಉರ್ದು ಆಡುವ ಮನೆಯ ಮಕ್ಕಳು ಕನ್ನಡವನ್ನೂ ಹೇಳುತ್ತಾರೆ. ಬೀದರ್, ಆಳಂದ ಕಡೆ ಇದಕ್ಕೆ ಮರಾಠಿ ಸೇರುತ್ತದೆ. ಒಂದೇ ಹೇಳು ಅಂತ ಒತ್ತಾಯ ಮಾಡಿದರೆ ಊರಿನ ಚಿತ್ರವೇ ಕೆಡುತ್ತದೆ. ಎಲ್ಲವನ್ನೂ ಬರೆದುಕೊಂಡರೆ ಮೊತ್ತ ಮಕ್ಕಳ ಸಂಖ್ಯೆಗಿಂತ ಜಾಸ್ತಿ ಬರುತ್ತದೆ. ಬರಲಿ. ಯಾಕೆ ಬಂತು ಅಂತ ಐದನೇ ತರಗತಿಯವರು ಅರ್ಧ ಪಿರಿಯಡ್ ಜಗಳ ಆಡಲಿ. ಈ ಪ್ರಶ್ನೆಯನ್ನು ಎರಡನೇ ಸಮೀಕ್ಷೆಗೆ ಇಟ್ಟುಕೊಳ್ಳಿ, ಮೊದಲನೆಯದಕ್ಕೆ ಬೇಡ.

ಕೇಳಲು ಹೋಗುವ ಮುಂಚೆ ಪ್ರತಿ ಮಗುವೂ ತನ್ನ ಅಂದಾಜನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆಯಲಿ. ಯಾವುದು ಜಾಸ್ತಿ ಬರುತ್ತದೆ, ಎಷ್ಟು ಬರಬಹುದು. ಅಂದಾಜು ಇಲ್ಲದಿದ್ದರೆ ಉತ್ತರ ನೋಡಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ.

ಯಾರನ್ನು ಕೇಳಬೇಕು?

ಇಲ್ಲಿ ಒಂದು ಮಜಾ ಇದೆ. ಹುಡುಗರಿಗೆ ಹಾಳೆ ಕೊಟ್ಟು ಬಿಟ್ಟರೆ ಸೀದಾ ಮೈದಾನಕ್ಕೆ ಓಡುತ್ತಾರೆ. ಅಲ್ಲಿ ಆಡುತ್ತಿರುವವರನ್ನೇ ಕೇಳಿಕೊಂಡು ಬರುತ್ತಾರೆ. ಎಲ್ಲ ಕ್ರಿಕೆಟ್! ಹುಡುಗಿಯರ ಗುಂಪಿನ ಹಾಳೆಯಲ್ಲಿ ನೋಡಿದರೆ ಹಗ್ಗ, ಕೇರಂ. ತಡೆಯಬೇಡಿ, ಮೊದಲು ಹೀಗೇ ಆಗಲಿ. ಎರಡೂ ಹಾಳೆ ಅಕ್ಕಪಕ್ಕ ಅಂಟಿಸಿ, "ಒಂದೇ ಶಾಲೆ, ಒಂದೇ ಪ್ರಶ್ನೆ, ಉತ್ತರ ಯಾಕೆ ಬೇರೆ?" ಅಂತ ಕೇಳಿ. ಮಾದರಿ, ಪಕ್ಷಪಾತ ಅನ್ನುವ ದೊಡ್ಡ ಮಾತು ಹೇಳಬೇಕಾಗಿಲ್ಲ. "ಅವ್ರು ತಮ್ಮ ದೋಸ್ತರನ್ನೇ ಕೇಳ್ಯಾರ್ರಿ" ಅಂತ ಯಾರೋ ಒಬ್ಬಳು ಹೇಳಿಯೇ ಹೇಳುತ್ತಾಳೆ.

ಆಮೇಲೆ ಹಾಜರಿ ಪುಸ್ತಕದ ಹೆಸರುಗಳ ಪಟ್ಟಿ ಕೊಡಿ. ಕೇಳಿದವರ ಹೆಸರಿನ ಮುಂದೆ ಚುಕ್ಕಿ. ಒಬ್ಬರನ್ನು ಎರಡು ಸಲ ಕೇಳುವುದು ತಪ್ಪುತ್ತದೆ, ಬಿಟ್ಟುಹೋದವರೂ ಕಾಣುತ್ತಾರೆ. ಗೈರುಹಾಜರಾದವರ ಮನೆಗೆ ಸಂಜೆ ಹೋಗಿ ಕೇಳಲಿ, ಹಳ್ಳಿಯಲ್ಲಿ ಅದೇನು ದೂರ? ಆದರೆ ದುಡಿಯಲು ಹೈದರಾಬಾದಿಗೋ ಮುಂಬೈಗೋ ಹೋದ ಮನೆಯ ಮಗುವಿದ್ದರೆ ಸ್ತಂಭಾಲೇಖದ ಕೆಳಗೆ "ಇಷ್ಟು ಮಂದಿಯನ್ನು ಕೇಳಲು ಆಗಲಿಲ್ಲ" ಅಂತ ಬರೆಸಿ. ಒಂದು ಸಾಲು ಸಾಕು.

ಮನೆಮನೆಗೆ ಹೋಗಿ ಕೇಳುವುದು ಈಗ ಮಕ್ಕಳಿಗೆ ಹೊಸದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ದಸರಾ ರಜೆಯಲ್ಲಿ 60 ಪ್ರಶ್ನೆ ಹಿಡಿದು ಬಾಗಿಲು ತಟ್ಟಿದವರು ನಾವೇ ಶಿಕ್ಷಕರು. "ನಿಮ್ಮದು ಅರವತ್ತು, ನಮ್ಮದು ಒಂದೇ" ಅಂತ ಮಕ್ಕಳು ನಗುತ್ತಾರೆ. ಒಂದೇ ಇರಲಿ. ಮೊದಲ ಸಲಕ್ಕೆ ಎರಡು ಪ್ರಶ್ನೆಯೂ ಭಾರ.

ಎಣಿಕೆ

ತಾಳೆ ಗುರುತಿಗೆ, ಅಂದರೆ ಒಂದು ಉತ್ತರಕ್ಕೆ ಒಂದು ಗೆರೆ ಹಾಕಿ ಎಣಿಸುವುದಕ್ಕೆ, ಜಾಸ್ತಿ ಹೇಳುವುದಿಲ್ಲ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಮಕ್ಕಳು ಐದೂ ಗೆರೆ ನಿಲ್ಲಿಸಿ ಆಮೇಲೆ ಆರನೆಯದನ್ನು ಅಡ್ಡ ಹಾಕುತ್ತಾರೆ, ಅದೊಂದನ್ನು ನೋಡಿಕೊಳ್ಳಿ. ಒಬ್ಬರು ಕೇಳಲಿ, ಒಬ್ಬರು ಗೆರೆ ಹಾಕಲಿ. ಕೊನೆಗೆ ಎಲ್ಲ ಸಾಲಿನ ಮೊತ್ತ ಕೇಳಿದ ಮಕ್ಕಳ ಸಂಖ್ಯೆಗೆ ಸಮ ಆಗಬೇಕು. ಆಗದಿದ್ದರೆ ಸ್ತಂಭ ಎಳೆಯುವ ಹಾಗಿಲ್ಲ, ಮತ್ತೆ ಎಣಿಕೆ.

ನೆಲದ ಮೇಲೆ ಮೊದಲ ಆಲೇಖ

ನಮ್ಮ ಕಡೆಯ ಶಾಲೆಗಳಿಗೆ ಒಂದು ಭಾಗ್ಯ ಇದೆ. ಕಾಲ ಕೆಳಗೇ ಚೌಕಳಿ ಹಾಳೆ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ಗಣಿಗಳಿಂದ ಬರುವ ಫರಸಿ ಕಲ್ಲು ಇಲ್ಲಿ ಮನೆ, ಗುಡಿ, ಶಾಲೆ ಎಲ್ಲೆಡೆ ಹಾಸಿರುತ್ತಾರೆ. ಇದು ಸುಣ್ಣದ ಕಲ್ಲು. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಈ ನೆಲದ ಸುಣ್ಣದ ಕಲ್ಲಿನ ಮೇಲೇ. ವರಾಂಡದಲ್ಲಿ ಫರಸಿ ಒಂದೇ ಅಳತೆಯಲ್ಲಿ ಹಾಸಿದ ಜಾಗ ಹುಡುಕಿ. ಒಂದು ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ಆಟದ ಹೆಸರು ಬರೆಯಿರಿ. ಪ್ರತಿ ಮಗುವೂ ತನ್ನ ಆಯ್ಕೆಯ ಸಾಲಿನಲ್ಲಿ ಒಂದು ಕಲ್ಲಿನ ಮೇಲೆ ನಿಲ್ಲಲಿ. ಒಂದು ಕಲ್ಲು, ಒಂದು ಮಗು. ನಡುವೆ ಕಲ್ಲು ಬಿಟ್ಟರೆ ಸಾಲು ಸುಳ್ಳೇ ಉದ್ದ ಆಗುತ್ತದೆ. ಹಾಗೆ ಬಿಟ್ಟು ನಿಂತವನನ್ನು ಬೇರೆ ಸಾಲಿನವರೇ ಹಿಡಿಯುತ್ತಾರೆ.

ಆಮೇಲೆ ಮಕ್ಕಳು ನಿಂತ ಜಾಗದಲ್ಲಿ ಒಂದೊಂದು ಖಾಲಿ ಬೆಂಕಿಪೊಟ್ಟಣ ಇಟ್ಟು ಪಕ್ಕಕ್ಕೆ ಬರಲಿ. ಈಗ ತಾವು ಮಾಡಿದ ಆಲೇಖವನ್ನು ತಾವೇ ದೂರದಿಂದ ನೋಡಬಹುದು. ನಲಿ-ಕಲಿಯ ಒಂದರಿಂದ ಮೂರನೇ ತರಗತಿಯವರಿಗೆ ಇಲ್ಲಿಗೆ ನಿಲ್ಲಿಸಿ. ಅವರಿಗೆ ಹಾಳೆಯ ಅವಸರ ಇಲ್ಲ.

ಹಾಳೆಗೆ ಬರುವಾಗ ಮೊದಲು ಚಿತ್ರಲೇಖ, ಅಂದರೆ ಅಂಕಿಯ ಬದಲು ಅಷ್ಟು ಚಿತ್ರ ಅಂಟಿಸಿ ತೋರಿಸುವುದು. ಆಟಕ್ಕೊಂದು ಚಿತ್ರ ಬೇಡ. ಬ್ಯಾಟು ಉದ್ದ, ಕೇರಂ ಕಾಯಿ ಗಿಡ್ಡ. ಮೂರು ಬ್ಯಾಟು ಐದು ಕಾಯಿಗಿಂತ ಉದ್ದ ಕಾಣುತ್ತದೆ. ಎಲ್ಲ ಸಾಲಿಗೂ ಒಂದೇ ಅಳತೆಯ ಚೌಕ, ಹಳೇ ನೋಟ್‌ಬುಕ್ ರಟ್ಟಿನಿಂದ ಕತ್ತರಿಸಿದ್ದು. ಐದನೇ ತರಗತಿಗೆ "ಒಂದು ಚೌಕ ಅಂದರೆ ಇಬ್ಬರು" ಅಂತ ಪ್ರಮಾಣ ಕೊಡಿ. 11 ಮಂದಿ ಬಂದರೆ ಐದು ಚೌಕ ಅಂಟಿಸಿ ಆರನೆಯದನ್ನು ಅರ್ಧ ಕತ್ತರಿಸಬೇಕು. ಆ ಕತ್ತರಿಯಲ್ಲೇ ಪ್ರಮಾಣದ ಪಾಠ ಇದೆ.

ನಂತರ ಸ್ತಂಭಾಲೇಖ. ಅಗಲ ಒಂದೇ, ನಡುವಿನ ಸಂದು ಒಂದೇ, ಶುರು ಸೊನ್ನೆಯಿಂದ. ಸೊನ್ನೆಯ ವಿಷಯ ಬಾಯಲ್ಲಿ ಹೇಳಿದರೆ ನಾಟುವುದಿಲ್ಲ. 8 ಮತ್ತು 11ರ ಎರಡು ಸ್ತಂಭಗಳನ್ನು ಒಮ್ಮೆ ಸೊನ್ನೆಯಿಂದ, ಇನ್ನೊಮ್ಮೆ 7ರಿಂದ ಎಳೆದು ತೋರಿಸಿ. ಎರಡನೆಯದರಲ್ಲಿ ಒಂದು ಸ್ತಂಭ ಇನ್ನೊಂದರ ನಾಲ್ಕು ಪಟ್ಟು ಎತ್ತರ! ಟಿವಿಯಲ್ಲಿ ಚುನಾವಣೆ ಸಮಯದಲ್ಲಿ ಇಂಥದ್ದನ್ನು ಹುಡುಕುವುದು ನನ್ನ ಮಕ್ಕಳಿಗೆ ಈಗ ಚಟ.

ಸ್ತಂಭಾಲೇಖಕ್ಕೂ ಒಂದು ಹುಟ್ಟಿದ ಕತೆ ಇದೆ, ಹೇಳಿ. 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ದೇಶಗಳ ವ್ಯಾಪಾರವನ್ನು ವರ್ಷದಿಂದ ವರ್ಷಕ್ಕೆ ಹೋಗುವ ಗೆರೆಗಳಲ್ಲಿ ತೋರಿಸುತ್ತಿದ್ದ. ಸ್ಕಾಟ್ಲೆಂಡಿನದಕ್ಕೆ ಮಾತ್ರ ಒಂದೇ ವರ್ಷದ ಅಂಕಿ ಕೈಗೆ ಸಿಕ್ಕಿತ್ತು. ಒಂದು ವರ್ಷಕ್ಕೆ ಗೆರೆ ಎಳೆಯುವುದು ಹೇಗೆ? ಪಟ್ಟಿ ಹಾಕಿದ. ಅಂಕಿ ಕಡಿಮೆ ಬಿದ್ದದ್ದಕ್ಕೆ ಬಂದ ಉಪಾಯ ಅದು.

ಓದಿಸುವುದು

ಆಲೇಖ ಅಂಟಿಸಿದ ಮೇಲೆ ಪಾಠ ಮುಗಿಯಿತು ಅಂತ ಬಿಡಬೇಡಿ. 36 ಮಕ್ಕಳ ಉತ್ತರ ಹೀಗೆ ಬಂತು ಅಂದುಕೊಳ್ಳಿ: ಕ್ರಿಕೆಟ್ 11, ಹಗ್ಗ 9, ಕೇರಂ 8, ಶಟಲ್ 6, ಇತರೆ 2. "ಯಾವುದು ಜಾಸ್ತಿ?" ಅಂತ ಕೇಳಿ ಬಿಟ್ಟರೆ ಕ್ರಿಕೆಟ್ ಗೆದ್ದಿತು ಅಂತ ಹುಡುಗರು ಕೂಗುತ್ತಾರೆ. ಅಮೆರಿಕದ ಗಣಿತ ಶಿಕ್ಷಣ ಸಂಶೋಧಕಿ ಫ್ರಾನ್ಸಿಸ್ ಕರ್ಸಿಯೊ 1980ರ ದಶಕದಲ್ಲಿ ಆಲೇಖ ಓದುವುದನ್ನು ಮೂರು ಮೆಟ್ಟಿಲು ಮಾಡಿ ಹೇಳಿದ್ದಾರೆ: ಇದ್ದದ್ದನ್ನು ಓದುವುದು, ನಡುವಿನದನ್ನು ಓದುವುದು, ಆಚೆಯದನ್ನು ಓದುವುದು. ನಾನು ಪ್ರಶ್ನೆಗಳನ್ನು ಹಾಗೇ ಜೋಡಿಸುತ್ತೇನೆ. ಕೇರಂ ಎಷ್ಟು ಮಂದಿಗೆ? ಇದು ಮೊದಲನೆಯದು. ಕ್ರಿಕೆಟ್ ಬೇಡ ಅಂದವರು ಎಷ್ಟು? 25. ಹಾಗಾದರೆ "ಎಲ್ಲರಿಗೂ ಕ್ರಿಕೆಟ್ ಬೇಕು" ಅನ್ನುವುದು ನಿಜವಾ? ಮೂರರಲ್ಲಿ ಒಂದು ಪಾಲು ಆಗಬೇಕಾದರೂ 12 ಬೇಕಿತ್ತು. ಇದು ಎರಡನೆಯದು. ಆರು, ಏಳನೇ ತರಗತಿಯವರನ್ನೂ ಕೇಳಿದರೆ ಈ ಸ್ತಂಭಗಳು ಹೇಗೆ ಬದಲಾಗಬಹುದು? ಇದು ಮೂರನೆಯದು. ಇಲ್ಲಿ ಸರಿ-ತಪ್ಪು ಇಲ್ಲ, ಕಾರಣ ಬೇಕು.

ಕೊನೆಗೆ ಮಕ್ಕಳು ಹೆಡ್ ಮಾಸ್ಟರಿಗೆ ಆಲೇಖ ಅಂಟಿಸಿದ ಪತ್ರ ಬರೆಯಲಿ. ಹಗ್ಗ ಅಗ್ಗ. ಕ್ರಿಕೆಟ್ ಸೆಟ್ಟಿನ ದುಡ್ಡಿನಲ್ಲಿ ಹಗ್ಗ, ಕೇರಂ ಎರಡೂ ಬಂದರೆ ಎಷ್ಟು ಮಂದಿಗೆ ಖುಷಿ? ಸೇಡಂ ಅಂಗಡಿಯ ಬೆಲೆ ವಿಚಾರಿಸಿಕೊಂಡು ಬರಲು ಹೇಳಿ. ತೀರ್ಮಾನ ಯಾವ ಕಡೆ ಹೋದರೂ ನೀವು ಬಾಯಿ ಹಾಕಬೇಡಿ. ಸಾಮಾನನ್ನು ಮಾತ್ರ ತಪ್ಪದೆ ತನ್ನಿ. ತರದಿದ್ದರೆ ಮುಂದಿನ ಸಮೀಕ್ಷೆಗೆ ಯಾರೂ ಮನಸ್ಸಿಟ್ಟು ಉತ್ತರ ಕೊಡುವುದಿಲ್ಲ.

ಅಂಕ ಕೊಡುವಾಗ ನಾನು ಬಣ್ಣ ನೋಡುವುದಿಲ್ಲ. ಹೆಸರಿಲ್ಲದ ಒಂದು ಸ್ತಂಭಾಲೇಖ ಕೊಡುತ್ತೇನೆ, ಕೆಳಗೆ ಮೂರು ಪ್ರಶ್ನೆ: ನಿನ್ನ ಮನೆಯಲ್ಲಿ ಎಷ್ಟು ಮಂದಿ, ನಿನ್ನ ಹುಟ್ಟಿದ ತಿಂಗಳು ಯಾವುದು, ನಿನಗೆ ಹೋಳಿಗೆ ಇಷ್ಟನಾ. ಇದು ಯಾವ ಪ್ರಶ್ನೆಯ ಆಲೇಖ, ಹೇಗೆ ಗೊತ್ತಾಯಿತು ಅಂತ ಎರಡು ಸಾಲು ಬರೆಯಬೇಕು. "ಹನ್ನೆರಡು ಸ್ತಂಭ ಅದಾವ, ಅದಕ್ಕ ತಿಂಗಳು" ಅಂತ ಬರೆದರೆ ಪೂರ್ತಿ ಅಂಕ.