ವರ್ಷಗಟ್ಟಲೆ ನಿಂತ ಬೈಕನ್ನು ಮತ್ತೆ ಸ್ಟಾರ್ಟ್ ಮಾಡುವುದು

4 ವರ್ಷ ಮೂಲೆಯಲ್ಲಿ ನಿಂತಿದ್ದ ಬೈಕ್ ಕೊಂಡ ದಿನವೇ ಸುಮ್ನೆ ಕಿಕ್ ಹೊಡೆಯುತ್ತಾ ಹೋದೆ. ನೀವು ಹಾಗೆ ಮಾಡಬೇಡಿ. ಎಣ್ಣೆಯೆಲ್ಲ ಕೆಳಗಿಳಿದು ಸಿಲಿಂಡರ್ ಒಣಗಿರುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಅಲುಗಿದರೆ ಅರ್ಧ ಗೆದ್ದಂತೆ. ಜಾಮ್ ಆಗಿದ್ದರೆ ಬಲ ಹಾಕಬೇಡಿ, ಇನ್ನೆರಡು ದಿನ ಕಾಯಿರಿ.

ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ. ನನ್ನದು ಚಹಾ ಬಣ್ಣಕ್ಕೆ ತಿರುಗಿ ವಾರ್ನಿಶ್ ತರ ನಾರುತ್ತಿತ್ತು.

ನಿಜವಾದ ಕಿತಾಪತಿ ಕಾರ್ಬುರೇಟರಿನದು, ಅಂದ್ರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದ್ದು. ಅದರ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದ್ರೆ ಬೌಲ್ ಬಿಚ್ಚಿದರೆ ತಳದಲ್ಲಿ ಅಂಟು. ಒಳಗಿರುವ ಪೈಲಟ್ ಜೆಟ್ಟಿನ (ಐಡಲ್‌ನಲ್ಲಿ ಪೆಟ್ರೋಲ್ ಹರಿಯುವ ಪುಟ್ಟ ನಳಿಕೆ) ತೂತು ಕೂದಲೆಳೆಯಷ್ಟು ಸಣ್ಣದು. ಕ್ಲೀನರ್ ಸ್ಪ್ರೇ ಹೊಡೆದು ಬೆಳಕಿಗೆ ಹಿಡಿಯಿರಿ, ಆಚೆಯ ಬೆಳಕು ಚುಕ್ಕಿಯಂತೆ ಕಾಣಲೇಬೇಕು. ಕ್ಲೀನ್ ಆಯ್ತು ಅಂತ ನಾನು 3 ಸಲ ಜೋಡಿಸಿದೆ, ಮೂರೂ ಸಲ ಅದು ಕಟ್ಟಿಕೊಂಡೇ ಇತ್ತು! ಸೂಜಿ ತೂರಿಸಿದರೆ ತೂತು ದೊಡ್ಡದಾಗುತ್ತದೆ. ವೈರಿನೊಳಗಿನ ತಾಮ್ರದ ಒಂದೇ ಎಳೆ ಸಾಕು.

ಎಂಜಿನ್ ಆಯಿಲ್ ಬದಲಿಸಿ. ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆದು ನೋಡಿ. ನನ್ನದರಲ್ಲಿ ಇಲಿ ಸಂಸಾರ ಹೂಡಿತ್ತು. ಪೂರ್ತಿ ಚಾರ್ಜ್ ಮಾಡಿದರೂ ಬ್ಯಾಟರಿ 12 ವೋಲ್ಟ್ ದಾಟದಿದ್ದರೆ ಹೊಸದೇ ಗತಿ.

ಪ್ಲಗ್ ಹಾಕಿ, ಹೊಸ ಪೆಟ್ರೋಲ್ ತುಂಬಿ, ಬಯಲಲ್ಲಿ ಸ್ಟಾರ್ಟ್ ಮಾಡಿ. ಮೊದಲು ಬರುವ ಹೊಗೆಗೆ ಹೆದರಬೇಡಿ, ಅದು ನಾವೇ ಬಿಟ್ಟ ಎಣ್ಣೆ ಅಲ್ವಾ. ಬ್ರೇಕ್, ಟೈರಿನ ಬಿರುಕು ನೋಡದೆ ಮಾತ್ರ ರಸ್ತೆಗಿಳಿಸಬೇಡಿ.