ಖಾಸಗಿ ಫೋಟೋ ಇಟ್ಕೊಂಡು ಹೆದರಿಸ್ತಿದ್ರೆ ಮೊದ್ಲು ಏನ್ ಮಾಡ್ಬೇಕು

"ದುಡ್ಡು ಹಾಕು, ಇಲ್ಲಾಂದ್ರೆ ಈ ಫೋಟೋ ನಿಮ್ಮಪ್ಪಂಗೆ ಕಳಿಸ್ತೀನಿ" ಅಂತ ಮೆಸೇಜ್ ಬಂದ್ರೆ ಒಂದ್ ರೂಪಾಯಿನೂ ಹಾಕ್ಬೇಡಿ, ಒಂದ್ಸಲ ಕೊಟ್ರೆ ಮತ್ತೆ ಕೇಳ್ತಾನೇ ಇರ್ತಾರೆ. ಗಾಬರೀಲಿ ಚಾಟ್ ಡಿಲೀಟ್ ಮಾಡ್ಬೇಡಿ, ಅದೇ ಸಾಕ್ಷಿ. ಪ್ರೊಫೈಲ್ ಲಿಂಕು, ನಂಬರ್ರು, ಡೇಟು ಎಲ್ಲಾ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗ್ದು ಆಮೇಲೆ ರಿಪೋರ್ಟು, ಬ್ಲಾಕು.

ಫೋಟೋ ನಿಮ್ ಹತ್ರಾನೂ ಇದ್ದು ನಿಮ್ಗೆ 18 ದಾಟಿದ್ರೆ ಸ್ಟಾಪ್‌ಎನ್‌ಸಿಐಐ ಡಾಟ್ ಓಆರ್‌ಜಿ (stopncii.org) ಅನ್ನೋ ಸೈಟಿಗೆ ಹೋಗಿ, ಅದು ಫೋಟೋ ಅಪ್‌ಲೋಡ್ ಮಾಡಿಸ್ಕೊಳಲ್ಲ, ನಿಮ್ ಫೋನಲ್ಲೇ ಅದಕ್ಕೊಂದು ಹ್ಯಾಶ್ ಕೋಡ್ (ಆ ಫೋಟೋದ ಬೆರಳಚ್ಚಿನ ಥರದ್ದು) ಮಾಡಿ ಆ ಕೋಡ್ ಮಾತ್ರ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮ್ ಥರದವ್ರಿಗೆ ಕೊಡುತ್ತೆ, ಅದೇ ಫೋಟೋ ಅಲ್ಲಿ ಬಂದ್ರೆ ಹಿಡೀಬಹುದು (ವಾಟ್ಸಾಪ್ ಚಾಟಲ್ಲಿ ಓಡಾಡೋದನ್ನ ತಡೆಯಲ್ಲ ಬಿಡಿ).

ಕಂಪ್ಲೇಂಟಿಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ (cybercrime.gov.in) ಅನ್ನೋ ಸರ್ಕಾರದ ಸೈಟಿದೆ. ಹೆಂಗಸ್ರು, ಮಕ್ಕಳ ವಿಷ್ಯದ ಕಂಪ್ಲೇಂಟಾದ್ರೆ ಹೆಸ್ರು ಹೇಳ್ದೇನೂ ಹಾಕ್ಬಹುದು, ಆದ್ರೆ ಕೇಸು ಮುಂದೆ ಹೋಗ್ಬೇಕಂದ್ರೆ ಕೊಡೋದೇ ವಾಸಿ. ದುಡ್ಡು ಆಗ್ಲೇ ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿ.