ಎಣ್ಣೆ ನೆಕ್ಕುವಷ್ಟು ಹೊತ್ತು: ಬೆಲ್ಲನ ಉಗುರು ಕತ್ತರಿಸಿದ ನನ್ನ ಅನುಭವ

ನಮ್ಮ ಫೆರೆಟ್ ಹೆಸರು ಬೆಲ್ಲ. ಮೈಬಣ್ಣ ಜೋನಿಬೆಲ್ಲದ ಹಾಗೆ ಕಂದು, ಅದಕ್ಕೇ ಆ ಹೆಸರು. ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಮೊದಲು ಕ್ಯಾಲಿಫೋರ್ನಿಯಾದಲ್ಲಿದ್ದೆವು. ಅಲ್ಲಿ ಮನೆಯಲ್ಲಿ ಫೆರೆಟ್ ಸಾಕುವ ಹಾಗೇ ಇಲ್ಲ, ಕಾನೂನು ಬಿಡುವುದಿಲ್ಲ. ಇಲ್ಲಿಗೆ ಬಂದ ಮೇಲೆ ಮಗಳ ಆಸೆ ತೀರಿತು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಮುಂಗುಸಿ ಅಲ್ವೇನೋ ಅದು?" ಅಂದರು. ನೋಡೋಕೆ ಹಾಗೇ ಕಂಡರೂ ಇದು ನೀರುನಾಯಿಯ ಬಳಗದ್ದು.

ಮೊದಲ ಸಲ ಉಗುರು ಕತ್ತರಿಸುವಾಗ ಟವೆಲ್‌ನಲ್ಲಿ ಸುತ್ತಿ ಬಿಗಿಯಾಗಿ ಹಿಡಿದಿದ್ದೆ. ಹಿಡಿದಷ್ಟೂ ಕೊಸರಾಡಿದ. ಕಟರ್ ಒಂದು ಕೂದಲೆಳೆಯಷ್ಟು ಒಳಗೆ ಹೋಯ್ತು. ಬಿಳಿ ಟವೆಲ್ ಮೇಲೆ ಸಾಸಿವೆಕಾಳಿನಷ್ಟು ರಕ್ತ. ನನ್ನ ಕೈ ನಡುಗಿತು. ಅಡುಗೆಮನೆಯಿಂದ ಕಾರ್ನ್‌ಫ್ಲೋರ್ ತಂದು ಉಗುರಿಗೆ ಒತ್ತಿ ಹಿಡಿದೆ, ಸ್ವಲ್ಪ ಹೊತ್ತಿಗೆ ನಿಂತಿತು. ಮರುದಿನವೇ ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪೌಡರ್ ತಂದಿಟ್ಟೆ. ಅದು ಪಕ್ಕದಲ್ಲಿ ಇಲ್ಲದೆ ಈಗ ಕಟರ್ ಮುಟ್ಟುವುದಿಲ್ಲ.

ಹಾಗಂತ ಕತ್ತರಿಸದೆ ಬಿಡೋಕೂ ಆಗಲ್ಲ. ಬೆಕ್ಕಿನ ಹಾಗೆ ಇವು ಉಗುರನ್ನು ಪೂರ್ತಿ ಒಳಗೆ ಎಳೆದುಕೊಳ್ಳುವುದಿಲ್ಲ. ಉದ್ದ ಬಿಟ್ಟರೆ ಕಾರ್ಪೆಟ್‌ಗೋ ಮಲಗುವ ಜೋಲಿಯ ಬಟ್ಟೆಗೋ ಸಿಕ್ಕಿಕೊಂಡು ಕಿತ್ತೇ ಬರಬಹುದು.

ನನ್ನ ಕೈಹಿಡಿದಿದ್ದು ಸಾಲ್ಮನ್ ಮೀನಿನ ಎಣ್ಣೆ. ನೆಲದ ಮೇಲೆ ಕೂತು, ಬೆಲ್ಲನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಎರಡು ಮೂರು ಹನಿ ಬಿಡುತ್ತೇನೆ. ಅವನು ತಲೆ ಬಗ್ಗಿಸಿ ನೆಕ್ಕೋಕೆ ಶುರು ಮಾಡಿದರೆ ಲೋಕವೇ ಬೇಡ. ಕಾಲು ತಾನಾಗೇ ಸಡಿಲ ಬಿಡುತ್ತಾನೆ. ಎಣ್ಣೆ ಜಾಸ್ತಿಯಾದರೆ ಹೊಟ್ಟೆ ಕೆಡುತ್ತೆ, ಅಷ್ಟು ಹನಿ ಸಾಕು. ಸಿಹಿ ಮಾತ್ರ ಬೇಡವೇ ಬೇಡ. ಇವು ಅಪ್ಪಟ ಮಾಂಸಾಹಾರಿಗಳು, ಸಕ್ಕರೆ ಇವಕ್ಕೆ ಒಗ್ಗುವುದಿಲ್ಲ.

ಇನ್ನು ಉಗುರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೆಳ್ಳಗಿನ ಉಗುರಿನೊಳಗೆ ತೆಳು ಗುಲಾಬಿ ಗೆರೆ ಕಾಣುತ್ತೆ. ಅದೇ ರಕ್ತನಾಳ. ಅದಕ್ಕಿಂತ ಸುಮಾರು 2 ಮಿಲಿಮೀಟರ್ ಮುಂದೆ, ಕೊಕ್ಕೆಯಂತೆ ಬಾಗಿದ ತುದಿಯನ್ನಷ್ಟೇ ತೆಗೆಯುತ್ತೇನೆ. ಬೆರಳ ಬುಡವನ್ನು ಮೆಲ್ಲಗೆ ಒತ್ತಿದರೆ ಉಗುರು ಚೆನ್ನಾಗಿ ಮುಂದೆ ಬರುತ್ತೆ. ಮಕ್ಕಳ ಉಗುರು ಕತ್ತರಿಸುವ ಸಣ್ಣ ನೇಲ್ ಕಟರ್ ನನಗೆ ಸರಿಹೋಯ್ತು, ಆದರೆ ಅದು ಹರಿತವಾಗಿರಬೇಕು. ಮೊಂಡಾಗಿದ್ದರೆ ಉಗುರು ಸೀಳುತ್ತೆ.

ಕತ್ತಿನ ಹಿಂದಿನ ಸಡಿಲ ಚರ್ಮ ಹಿಡಿದು ಎತ್ತುವುದನ್ನು ಡಾಕ್ಟರು ತೋರಿಸಿದ್ದರು. ಹಾಗೆ ಹಿಡಿದರೆ ಆಕಳಿಸಿ ಮೈ ಸಡಿಲ ಬಿಡುತ್ತವೆ. ಹಿಂಭಾಗಕ್ಕೆ ಇನ್ನೊಂದು ಕೈ ಆಸರೆ ಕೊಡಲೇಬೇಕು. ಅಂದರೆ ಕತ್ತರಿಸೋಕೆ ಇನ್ನೊಬ್ಬರು ಬೇಕು. ಎಣ್ಣೆಯಲ್ಲೇ ಕೆಲಸ ಆಗುವಾಗ ನಾನು ಅದಕ್ಕೆ ಹೋಗುವುದಿಲ್ಲ.

ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ನಮ್ಮ ಈ ಕೆಲಸ. ಮಂಗಳವಾರ, ಶುಕ್ರವಾರ, ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಅನ್ನುವುದು ಅಮ್ಮನ ಮಾತು. ಬೆಲ್ಲನಿಗೂ ಅದೇ ಲೆಕ್ಕ. ಕಾಲಿಗೆ ಐದರಂತೆ ಒಟ್ಟು 20 ಉಗುರು. ಕಳೆದ ಭಾನುವಾರ 18 ಮುಗಿಯುವಷ್ಟರಲ್ಲಿ ಎಣ್ಣೆ ಖಾಲಿ, ಅವನು ಹೊರಳಿ ಎದ್ದುಬಿಟ್ಟ. ನಾನೂ ಹಿಡಿಯಲಿಲ್ಲ. ಉಳಿದ ಎರಡನ್ನು ಮರುದಿನ ಬೆಳಿಗ್ಗೆ ಅವನು ಜೋಲಿಯಲ್ಲಿ ಗಾಢ ನಿದ್ದೆಯಲ್ಲಿದ್ದಾಗ ತೆಗೆದೆ. ಮೂತಿ ಕೂಡ ಅಲ್ಲಾಡಿಸಲಿಲ್ಲ.